ಸರ್ವರಪ್ಪ ಸುಮ್ಮನಾದ ಸಭೆ

ಆಫೀಸಿನಲ್ಲಿ ಅವನಿಗೆ ಸರ್ವರಪ್ಪ ಎಂದು ಹೆಸರಿಟ್ಟವರು ಅವನ ಮಗನ ವಯಸ್ಸಿನವರು. ಯಾವ ಕೆಲಸ ಬಂದರೂ "ಸರ್ವರ್‌ನಲ್ಲೇ ಮಾಡೋಣ" ಎನ್ನುವುದು ಅವನ ಚಾಳಿ. ಐವತ್ತು ದಾಟಿದ ಮೇಲೆ ಕೂದಲಿನ ಜೊತೆ ಅಭಿಪ್ರಾಯಗಳನ್ನೂ ಉದುರಿಸಿಕೊಳ್ಳುವುದು ಜಾಣತನ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಆ ಸಲ ಬಂದದ್ದು ಆಸ್ಪತ್ರೆಯ ಕೆಲಸ. ರಕ್ತಪರೀಕ್ಷೆಯ ಯಂತ್ರಗಳು ಫಲಿತಾಂಶವನ್ನು ಎಕ್ಸ್‌ಎಂಎಲ್ ಕಡತವಾಗಿ ಉಗುಳುತ್ತವೆ. ಅದು ಮನುಷ್ಯಮಾತ್ರರು ಓದುವಂಥದ್ದಲ್ಲ, ಅಂದವಾದ ವರದಿಯಾಗಿ ಮಾರ್ಪಡಿಸಬೇಕು. ಪ್ರಶ್ನೆ ಇಷ್ಟೇ: ಆ ಕೆಲಸವನ್ನು ಆಫೀಸಿನ ದೊಡ್ಡ ಕಂಪ್ಯೂಟರಾದ ಸರ್ವರ್ ಮುಗಿಸಿ ಸಿದ್ಧ ಪುಟ ಕಳಿಸಬೇಕೋ, ಇಲ್ಲಾ ಕಚ್ಚಾ ಕಡತವನ್ನೂ ಮಾರ್ಪಡಿಸುವ ಸೂತ್ರವನ್ನೂ ಕಳಿಸಿ, ಆಸ್ಪತ್ರೆಯಲ್ಲಿ ವರದಿ ಕೊಡುವ ಕೌಂಟರಿನ ಕಂಪ್ಯೂಟರೇ ಹೆಣಗಲಿ ಎಂದು ಕೈತೊಳೆದುಕೊಳ್ಳಬೇಕೋ.

ಆ ಕೌಂಟರಿನಲ್ಲಿ ಕೂರುತ್ತಿದ್ದವಳು ಅವನ ಸ್ವಂತ ಅಕ್ಕ. ಹೆದರಿ ನಿಂತವರಿಗೆ ಸಮಾಧಾನ, ಸಾಲು ಮುರಿದವರಿಗೆ ಗದರಿಕೆ. ಆ ಕಿಟಕಿಯೇ ಅವಳ ಸಾಮ್ರಾಜ್ಯ. ಅಲ್ಲಿನ ಕಂಪ್ಯೂಟರಿನ ಯೋಗ್ಯತೆಯೂ ತಮ್ಮನಿಗೆ ಗೊತ್ತಿತ್ತು. ಅದನ್ನು ಆನ್ ಮಾಡಿ ಅಕ್ಕ ಮುಖ ತೊಳೆದು ಬಂದರೂ ಅದು ಇನ್ನೂ ಆಕಳಿಸುತ್ತಲೇ ಇರುತ್ತಿತ್ತು.

ಸಭೆಯಲ್ಲಿ ಮ್ಯಾನೇಜರ್ ಕೇಳಿದ: "ನಮ್ ಸರ್ವರ್ ಯಾಕ್ರೀ ಬೆವರ್ಬೇಕು? ಕೌಂಟರ್ ಕಂಪ್ಯೂಟರಿನ ಬ್ರೌಸರ್‌ಗೇ ಬರುತ್ತಲ್ಲ ಈ ಕೆಲ್ಸ. ಏನ್ ಸರ್ವರಪ್ಪೋರೇ, ಈ ಸಲಾನೂ ಅದೇ ರಾಗಾನಾ?"

ಎಲ್ಲರೂ ನಕ್ಕರು. ಒಮ್ಮೆಯಾದರೂ ಹೊಸ ಕಾಲದವನು ಅನ್ನಿಸಿಕೊಳ್ಳುವ ಚಪಲ ಅವನಿಗೆ.

"ಛೆ ಛೆ, ಬ್ರೌಸರ್ರೇ ಮಾಡ್ಲಿ ಬಿಡಿ" ಎಂದುಬಿಟ್ಟ.

ಪರೀಕ್ಷೆ ಮಾಡಿದ್ದೂ ಅವನೇ. ತನ್ನ ಮೇಜಿನ ಹೊಚ್ಚಹೊಸ ಕಂಪ್ಯೂಟರಿನಲ್ಲಿ, ಮೂರೇ ರೋಗಿಗಳ ಪುಟಾಣಿ ಕಡತ ಹಾಕಿ. ರೆಪ್ಪೆ ಬಡಿಯುವಷ್ಟರಲ್ಲಿ ವರದಿ ಬಂತು. ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆಸ್ಪತ್ರೆಯಲ್ಲಾದರೋ ಬೆಳಗಿನಿಂದ ಬಂದ ಅಷ್ಟೂ ರೋಗಿಗಳ ಫಲಿತಾಂಶ ಒಂದೇ ಕಡತದಲ್ಲಿ. ಅಕ್ಕನ ಪರದೆ ಬೆಳ್ಳಗೆ ನಿಂತುಬಿಡುತ್ತಿತ್ತು. ಅವಳು ಗಾಬರಿಯಲ್ಲಿ ಮತ್ತೆ ಗುಂಡಿ ಒತ್ತುವಳು. ಅದು ಮತ್ತೆ ಮೊದಲಿನಿಂದ ಶುರು ಹಚ್ಚಿಕೊಳ್ಳುವುದು. ಕಿಟಕಿಯಾಚೆ ಸಾಲು ಬೆಳೆಯುವುದು.

"ಏನಮ್ಮಾ, ನಿದ್ದೆ ಮಾಡ್ತಿದ್ದೀಯಾ?"

"ಕೆಲ್ಸ ಬರ್ದಿದ್ರೆ ಮನೇಲಿರ್ಬೇಕಪ್ಪ!"

ಆಸ್ಪತ್ರೆಯ ಮೇಲ್ವಿಚಾರಕರು ಬಂದರು, ನೋಡಿದರು, ಈಕೆಯ ಕೈ ನಿಧಾನ ಎಂದು ತೀರ್ಮಾನಿಸಿದರು. ಅಕ್ಕನನ್ನು ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಅಟ್ಟಿದರು.

ಸುದ್ದಿ ಕಿವಿಗೆ ಬಿದ್ದದ್ದೇ ಸರ್ವರಪ್ಪ ಯಾರನ್ನೂ ಕೇಳದೆ ಮಾರ್ಪಾಡಿನ ಕೆಲಸವನ್ನೆಲ್ಲ ಸರ್ವರಿನ ಹೆಗಲಿಗೆ ಹಾಕಿದ. ಒಂದು ಮಧ್ಯಾಹ್ನದ ಕೆಲಸ, ಅಷ್ಟೆ. ವರದಿಗಳು ಪಟಪಟ ಬರತೊಡಗಿದವು. ಆದರೆ ಅಷ್ಟರಲ್ಲಿ ಅಕ್ಕನ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಾಗಿತ್ತು.

ಅವನು ನೆಲಮಾಳಿಗೆಗೆ ಇಳಿದು, "ಅಕ್ಕಾ, ತಪ್ಪು ನಂದು. ನಿನ್ ಕೈದಲ್ಲ" ಎಂದ.

"ಅದನ್ನ ನನ್ ಮುಂದೆ ಯಾಕೋ ಹೇಳ್ತೀಯಾ? ಮೇಲೆ ಹೋಗಿ ಅವ್ರಿಗೆ ಹೇಳು. ನನ್ ಜಾಗ ನಂಗೆ ವಾಪಸ್ ಸಿಗ್ಲಿ."

ಮೇಲೆ ಹೋದ. ಮೇಲ್ವಿಚಾರಕರ ಕೋಣೆಯಲ್ಲಿ ತನ್ನ ಆಫೀಸಿನ ಮ್ಯಾನೇಜರನೂ ಇಬ್ಬರು ಡಾಕ್ಟರುಗಳೂ ಚಹಾ ಹೀರುತ್ತಿದ್ದರು.

"ಬನ್ನಿ ಬನ್ನಿ!" ಎಂದರು ಮೇಲ್ವಿಚಾರಕರು. "ನಿಮ್ ಸಾಫ್ಟ್‌ವೇರ್ ಚೆನ್ನಾಗೇ ಇತ್ತು ಕಣ್ರೀ, ನಾವೇ ಸುಮ್ನೆ ಬೈಕೊಂಡ್ವಿ. ಆಯಮ್ಮನ್ನ ಎಬ್ಬಿಸಿದ್ದೇ ಎಬ್ಬಿಸಿದ್ದು, ಕೌಂಟರ್ ಹೇಗೆ ಓಡ್ತಿದೆ ನೋಡಿ!"

ಮ್ಯಾನೇಜರ್ ಹೆಮ್ಮೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟ. ಮೆಟ್ಟಿಲುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು ಒಂದು ಮಾತು. ಹೊರಗೆ ಬಂದದ್ದು ಬೇರೆಯೇ.

"ಹೌದು ಸಾರ್, ಈಗ ಚೆನ್ನಾಗ್ ಹೋಗ್ತಿದೆ."

ಅವನಿಗೂ ಒಂದು ಲೋಟ ಚಹಾ ಕೊಟ್ಟರು. ಕುಡಿದ.

ಕೆಳಗೆ ಅಕ್ಕ ಫೈಲಿನ ಕಟ್ಟೊಂದನ್ನು ಬಿಚ್ಚುತ್ತಿದ್ದಳು.

"ಹೇಳ್ದ್ಯೇನೋ?"

"ಇಲ್ಲ ಅಕ್ಕ... ಜನ ಇದ್ರು."

"ನನ್ನ ಬಯ್ಯೋವಾಗ್ಲೂ ಇದ್ರು ಕಣೋ."

ಅವಳು ಕಟ್ಟನ್ನು ಎತ್ತಿ ಕೊಡವಿದಳು. ಧೂಳೆಲ್ಲ ಅವನ ಮುಖಕ್ಕೇ ಬಂತು. ಅವನು ಕೆಮ್ಮತೊಡಗಿದ. ಅಕ್ಕ ಪಕ್ಕದಲ್ಲಿದ್ದ ನೀರಿನ ಬಾಟಲಿಯನ್ನು ಮುಟ್ಟಲಿಲ್ಲ.