ಬಳೆಯಿಲ್ಲದ ಬಲಗೈ

ಅಕ್ಕನ ಬಲಗೈಗೆ ಬಳೆ ಇರಲಿಲ್ಲ. ಎಡಗೈ ತುಂಬ ಹಸಿರು ಗಾಜಿನ ಬಳೆ. ಬಲಗೈ ಮೊಣಕೈವರೆಗೂ ಬರಿದು, ಯಾವಾಗಲೂ ಒದ್ದೆ. ನನ್ನ ನೆನಪು ಕೆಲವು ಸಲ ಕೈಗಳನ್ನು ಅದಲುಬದಲು ಮಾಡುತ್ತದೆ. ಒದ್ದೆಯನ್ನು ಮಾತ್ರ ಒಣಗಲು ಬಿಡುವುದಿಲ್ಲ.

ಮಂಡ್ಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿಗೆ ಸೇರಿದ್ದೆ. ನೆಂಟರ ಪಾಲಿಗೆ ಅದು ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಓದು. ಎರಡನೇ ವರ್ಷ ಹಲಗೂರಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಳ್ಳೆಮರಿ ಸಮೀಕ್ಷೆಗೆ ಕಳಿಸಿದರು. ಅಲ್ಲಿನ ಆಶಾ ಕಾರ್ಯಕರ್ತೆಯ ಜೊತೆ ನಾನು ಮನೆಮನೆ ಸುತ್ತಬೇಕು. ಅವರನ್ನು ಅಕ್ಕ ಎನ್ನುತ್ತಿದ್ದೆ. ನೀರಿನ ಡ್ರಮ್ಮಿಗೆ ಟಾರ್ಚು ಬಿಟ್ಟು ನೋಡಿದರೆ ಅಕ್ಕನಿಗೆ ಸಾಲದು. ತಳದವರೆಗೆ ಕೈ ಇಳಿಸಿ ಪಾಚಿ ಸವರಿ ನೋಡಬೇಕು. ಆಮೇಲೆ, ನೋಡಿದ್ದಕ್ಕೆ ಗುರುತಾಗಿ, ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು. ಮನೆಗೆ ಬೀಗವಿದ್ದರೆ ‘ಬೀಗ’ ಎಂದೇ ಬರೆದು ಮತ್ತೆ ಬರಬೇಕು.

ನಲ್ಲಿಯ ಹತ್ತಿರದ ಹೆಂಗಸರು ಕಿಚಾಯಿಸುತ್ತಿದ್ದರು: “ಒಂದ್ ಕೈ ಮುತ್ತೈದೆ, ಒಂದ್ ಕೈ ಮುಂಡೆ ಕಣಮ್ಮಿ ಇವ್ಳು.”

“ಎಲ್ಡಕ್ಕೂ ತೊಟ್ಕಂಡ್ರೆ ನಿಮ್ಮನೆ ಡ್ರಮ್ಮಿಗೆ ಕೈ ಆಕೋರ್ಯಾರಮ್ಮಿ?” ಎನ್ನುತ್ತಿದ್ದರು ಅಕ್ಕ.

ಒಂದು ಸಂಜೆ ಕೊನೆಯ ಬೀದಿಯ ಮನೆಗೆ ಬೀಗ ಹಾಕಿತ್ತು. ಡ್ರಮ್ಮು ಹಿತ್ತಲಲ್ಲಿ. ಅವರು ಮಳವಳ್ಳಿಗೆ ಹೋಗಿದ್ದಾರೆ, ಡ್ರಮ್ಮನ್ನು ದಿನಾ ಉಜ್ಜುತ್ತಾರೆ ಎಂದಳು ಪಕ್ಕದ ಮನೆಯವಳು. ನನಗೆ ಬಸ್ಸಿಗೆ ಹೊತ್ತಾಗಿತ್ತು. ತಾರೀಖು ಬರೆದುಬಿಟ್ಟೆ. ಬರೆಯಲಾ ಎಂದು ಅಕ್ಕನನ್ನು ಕೂಗಿ ಕೇಳಿದ ನೆನಪಿದೆ. ಎದುರುಮನೆಯೊಳಗಿಂದ ಅವರು ಹೂಂ ಎಂದರೋ, ಆ ಹೂಂ ಅನ್ನು ಆಮೇಲೆ ನಾನೇ ತಂದು ಅಲ್ಲಿಟ್ಟೆನೋ, ತಿಳಿಯದು.

ಎರಡು ವಾರಕ್ಕೆ ಆ ಮನೆಯ ಮಗಳಿಗೆ ಡೆಂಗಿ. ಪಿಯುಸಿ ಓದುತ್ತಿದ್ದ ಹುಡುಗಿ. ಮಂಡ್ಯದ ಆಸ್ಪತ್ರೆಗೆ ಹೋದವಳು ಜೀವಂತ ಬರಲಿಲ್ಲ. ಹಿತ್ತಲ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ಮಿಜಿಗುಡುತ್ತಿದ್ದವು. ನಾವಿಬ್ಬರೂ ಹೋದಾಗ ತಾಯಿ ಗೋಡೆಯ ತಾರೀಖು ತೋರಿಸಿ ನನ್ನನ್ನೇ ಕೇಳಿದರು: “ನೋಡಿದ್ರಲ್ವಾ ಮೇಡಮ್ಮೋರೆ ಅವತ್ತು? ನೀರು ಚೆನ್ನಾಗೇ ಇತ್ತಲ್ವಾ?”

ಹೌದೆಂದು ತಲೆಯಾಡಿಸಿದೆ. ಇದೊಂದು ಮಾತ್ರ ಖಚಿತ.

ಅಕ್ಕ ನೆಲ ನೋಡುತ್ತ ಹೇಳಿದರು: “ಬೀಗ ಆಕಿತ್ತು ಕಣವ್ವ. ಇವ್ಳು ನೋಡ್ನಿಲ್ಲ. ನಾನೂ ನೋಡ್ನಿಲ್ಲ. ನೋಡಿವಿ ಅಂತ ಬರ್ದ್ಬುಟ್ಟೊ.”

ನಾನು ಮಂಡ್ಯಕ್ಕೆ ಮರಳಿದೆ. ಆ ವರ್ಷದ ಪರೀಕ್ಷೆಯಲ್ಲಿ ಸಮೀಕ್ಷೆಯ ಕ್ರಮ ವಿವರಿಸಿ ಎಂದು ಕೇಳಿದ್ದರು. ಒಂದೂ ತಪ್ಪಿಲ್ಲದೆ ಬರೆದೆ. ಅಕ್ಕ ಅದೇ ಊರಲ್ಲಿ ಉಳಿದರು. ಎಷ್ಟೋ ಮನೆಯವರು ಅವರಿಗೆ ಬಾಗಿಲು ತೆರೆಯಲಿಲ್ಲವಂತೆ. ಅಂಥ ಗೋಡೆಗಳಿಗೆ ‘ಬೀಗ’ ಎಂದು ಬರೆದು ಮರುದಿನ ಮತ್ತೆ ಹೋಗುತ್ತಿದ್ದರಂತೆ. ಅವತ್ತಿನ ಆ ‘ನಾನೂ ನೋಡ್ನಿಲ್ಲ’ ನಿಜವೋ, ನನಗಾಗಿ ಆಡಿದ್ದೋ ಎಂದು ಕೇಳಬೇಕಿತ್ತು. ಎರಡು ವರ್ಷ ಕೇಳಲಿಲ್ಲ.

ಬಿ.ಪಿ. ಏರಿ ಬಿದ್ದ ಅಕ್ಕ ಮತ್ತೆ ಏಳಲಿಲ್ಲ ಎಂದು ಫೋನು ಬಂತು. ಹೋದೆ. ಮುತ್ತೈದೆ ಸಾವೆಂದು ಎರಡೂ ಕೈ ತುಂಬ ಬಳೆ ತೊಡಿಸಿದ್ದರು. ಡ್ರಮ್ಮಿಗೆ ಇಳಿಯುತ್ತಿದ್ದ ಕೈ ಯಾವುದೋ ಗುರುತು ಹತ್ತಲಿಲ್ಲ.

ಜಗುಲಿಯ ಪಕ್ಕ ಅವರ ಮನೆಯ ಡ್ರಮ್ಮಿತ್ತು. ಮುಚ್ಚಳ ತೆಗೆದು ತಳದವರೆಗೆ ಕೈ ಇಳಿಸಿದೆ. ಚೀಲದಿಂದ ಸೀಮೆಸುಣ್ಣ ತೆಗೆದು ಬಾಗಿಲ ಪಕ್ಕ ತಾರೀಖು ಬರೆದೆ.

ನೋಡಿಯೇ ಬರೆದೆ.