ವನಜತ್ತೆ ಕಿರುಚಿದ್ದು

ಮೊನ್ನೆ ಶುಕ್ರವಾರ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತಿದ್ದೆ. ಹೂವಿನ ಲಕ್ಷ್ಮಮ್ಮ ಸೇವಂತಿಗೆ ಬುಟ್ಟಿಗೆ ಮೊಬೈಲು ಒರಗಿಸಿಕೊಂಡು ಯಾವುದೋ ಹಳೆಯ ದೆವ್ವದ ಸಿನಿಮಾ ನೋಡುತ್ತಿದ್ದಳು. ಕೈ ತನ್ನ ಪಾಡಿಗೆ ಮೊಳ ಹಾಕುತ್ತಿತ್ತು. ಕಣ್ಣು ಮಾತ್ರ ಸಿನಿಮಾದ ಬಂಗಲೆಯೊಳಗಿತ್ತು. ಇದ್ದಕ್ಕಿದ್ದಂತೆ ಫೋನಿನೊಳಗೆ ಒಬ್ಬ ಹೆಂಗಸು ಕಿರುಚಿದಳು. ಲಕ್ಷ್ಮಮ್ಮ ಬೆಚ್ಚಿಬಿದ್ದಳು. ನಾನು ನಕ್ಕುಬಿಟ್ಟೆ.

"ಹೆದರ್ಕೊಳ್ಳೋ ಜಾಗ್ದಲ್ಲಿ ನಗ್ತೀರಲ್ಲಮ್ಮಾ!"

"ಅದು ನಮ್ಮತ್ತೆ, ಲಕ್ಷ್ಮಮ್ಮಾ."

ಅವಳು ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡಿದಳು. "ಆ ದೆವ್ವಾನಾ?"

"ದೆವ್ವ ಬೇರೆ ಯಾರೋ. ಕಿರುಚಿದ್ದು ಮಾತ್ರ ನಮ್ಮತ್ತೆ."

ಅವಳು ನಂಬಲಿಲ್ಲ. ನೀವು ನಂಬಬೇಕಾದರೆ ವನಜತ್ತೆಯ ವಿಷಯ ಸ್ವಲ್ಪ ಹೇಳಬೇಕು.

ವನಜತ್ತೆ ನಮ್ಮ ತಂದೆಯ ತಂಗಿ. ಶಂಕರಪುರದ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅವರಷ್ಟು ಮೆತ್ತಗೆ ಮಾತನಾಡುವವರನ್ನು ನಾನು ಬೇರೆ ಕಂಡಿಲ್ಲ. ತರಕಾರಿ ಗಾಡಿಯವನನ್ನು ಕರೆಯಬೇಕಾದರೂ ಬೀದಿಯ ಕೊನೆಯವರೆಗೆ ನಡೆದುಹೋಗಿ, ಹತ್ತಿರ ನಿಂತು, "ಸ್ವಲ್ಪ ಬರ್ತೀರಾಪ್ಪಾ" ಎನ್ನುತ್ತಿದ್ದರು. ಇದಕ್ಕೆ ಕಾರಣವಿತ್ತು. ಹರೆಯದಲ್ಲಿ ಒಮ್ಮೆ ರಾಮನವಮಿ ಪೆಂಡಾಲಿನಲ್ಲಿ ಹಾಡಲು ಕೂತಾಗ, ಮೇಲಿನ ಸ್ಥಾಯಿಗೆ ಹೋದ ದನಿ ಫಕ್ಕನೆ ಒಡೆಯಿತಂತೆ. ಮುಂದಿನ ಸಾಲಿನಲ್ಲಿ ಪಾನಕ ಕುಡಿಯುತ್ತಿದ್ದ ಯಾರೋ ನಕ್ಕರಂತೆ. ನಕ್ಕದ್ದು ಒಡೆದ ದನಿಗೋ ಪಕ್ಕದವರ ಮಾತಿಗೋ, ಆ ರಾಮನಿಗೇ ಗೊತ್ತು. ಆಮೇಲೆ ಎಷ್ಟೋ ವರ್ಷ ಅತ್ತೆ ವೇದಿಕೆ ಹತ್ತಲಿಲ್ಲ.

ಅವರ ಯಜಮಾನರು, ಅಂದರೆ ನಮ್ಮ ಮಾವ, ಆಗ ಬ್ಯಾಂಕಿನಲ್ಲಿ ಗುಮಾಸ್ತರು. ಅವರು ಅತ್ಯಂತ ಪ್ರೀತಿಸುತ್ತಿದ್ದುದು ಅತ್ತೆಯನ್ನು. ಅದು ಬಿಟ್ಟರೆ ಕಡಿಮೆ ಖರ್ಚಿನ ದೆವ್ವದ ಸಿನಿಮಾಗಳನ್ನು. ಇಂಥ ಸಿನಿಮಾಕ್ಕೆ ಅತ್ತೆ ಬರುತ್ತಿರಲಿಲ್ಲವಾದ್ದರಿಂದ ಕಾಲೇಜು ಓದುತ್ತಿದ್ದ ನಾನೇ ಅವರಿಗೆ ಜೊತೆ. "ದೊಡ್ಡ ಸಿನಿಮಾದಲ್ಲಿ ತಪ್ಪು ನಾವು ಹುಡುಕ್ಬೇಕು ಪುಟ್ಟೀ, ಇದ್ರಲ್ಲಿ ತಪ್ಪುಗಳೇ ಬಂದು ನಮ್ಮನ್ನ ಮಾತಾಡ್ಸುತ್ವೆ" ಎನ್ನುತ್ತಿದ್ದರು. ನಿಜವೇ. ಸಾವಿರ ವರ್ಷದ ಪ್ರೇತದ ಕೈಯಲ್ಲಿ ಗಡಿಯಾರ ಕಟ್ಟಿದ ಬಿಳಿ ಗುರುತು. ಹೊರಗಿನಿಂದ ಹೆಂಚಿನ ಮನೆ, ಒಳಗೆ ಕಾಲಿಟ್ಟರೆ ಮೊಸಾಯಿಕ್ ನೆಲ. ಮಂಜು ಎಂದರೆ ಸಾಂಬ್ರಾಣಿ ಹೊಗೆ. ಅದನ್ನು ಬೀಸುವ ಪುಣ್ಯಾತ್ಮನ ಮೊಣಕೈ ತೆರೆಯ ಮೂಲೆಯಲ್ಲಿ ಆಗಾಗ ಇಣುಕುತ್ತಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆದರೆ ಆ ನಗುವಿನಲ್ಲಿ ಕುಹಕ ಇರುತ್ತಿರಲಿಲ್ಲ. "ಪಾಪ, ಇರೋದು ಒಂದೇ ಮೆಟ್ಲು. ಆ ನಾಯಕಿ ಅದನ್ನೇ ಎಷ್ಟು ಶ್ರದ್ಧೆಯಿಂದ ಹತ್ತುತ್ತಾಳೆ ನೋಡು" ಎಂದು ಮರುಗುತ್ತಿದ್ದರು.

ಮಾವನ ಮನೆಯ ಮಹಡಿಯಲ್ಲಿ ಸೋಮು ಎಂಬಾತ ಬಾಡಿಗೆಗಿದ್ದ. ಗಾಂಧಿನಗರದ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಅವನಿಗೆ ಕೆಲಸ. ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಓಡಿಬಂದ. ದೆವ್ವದ ಸಿನಿಮಾ ಒಂದಕ್ಕೆ ಕಿರುಚಬೇಕಾಗಿದ್ದ ಹುಡುಗಿಗೆ ಗಂಟಲು ಕಟ್ಟಿಕೊಂಡಿದೆ, ಇವತ್ತೇ ಮುಗಿಸಬೇಕು.

"ಒಂದೇ ಒಂದ್ಸಲ ಕಿರುಚಿಬಿಡೀಮ್ಮಾ. ನಿಮಗಾದ್ರೆ ಗಂಟಲು ಪಳಗಿದೆ."

ಅತ್ತೆ ಬೆಚ್ಚುತ್ತಾರೆ ಎಂದುಕೊಂಡೆ. ಅವರು ತುಂಬ ಗಂಭೀರವಾಗಿ, "ಯಾವ ಶ್ರುತಿಗೆ?" ಎಂದು ಕೇಳಿದರು.

ಮಾವ ಪೇಪರು ಕೆಳಗಿಟ್ಟರು. "ವನಜಾ! ದೆವ್ವದ ಸಿನಿಮಾಗೆ! ನಮ್ಮನೆಯಿಂದ!"

"ಜನ ಇರ್ತಾರಾ ಅಲ್ಲಿ?"

"ಯಾರೂ ಇರಲ್ಲಮ್ಮಾ. ಕತ್ತಲೆ ರೂಮು, ಒಂದು ಮೈಕು, ಅಷ್ಟೇ. ನೀವು ಯಾರಿಗೂ ಕಾಣಲ್ಲ" ಎಂದ ಸೋಮು. ಆ ಕೊನೆಯ ಮಾತಿಗೆ ಅತ್ತೆ ಒಪ್ಪಿದರೆಂದು ನನ್ನ ನಂಬಿಕೆ.

ಮಾವನಿಗೆ ಬ್ಯಾಂಕಿನಲ್ಲಿ ರಜೆ ಸಿಗದೆ ನಾನೇ ಜೊತೆಗೆ ಹೋದೆ. ಅತ್ತೆ ಮೈಕಿನ ಮುಂದೆ ಕಣ್ಣು ಮುಚ್ಚಿ, ಶ್ರುತಿ ಹಿಡಿದು, ಕಿರುಚಿದರು. ದನಿ ನೆಟ್ಟಗೆ ಮೇಲಿನ ಷಡ್ಜಕ್ಕೆ ಹೋಗಿ ದೀಪದಂತೆ ನಿಂತಿತು. ಗಾಜಿನಾಚೆ ಕೂತಿದ್ದ ನಿರ್ದೇಶಕರು, ಬಡಕಲು ಮನುಷ್ಯ, ತಲೆ ಕೆರೆದುಕೊಂಡರು.

"ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ಕೇಳಿದ್ರೆ ದೆವ್ವಾನೇ ಕೈ ಮುಗಿದ್ಬಿಡುತ್ತೆ."

ಮತ್ತೆ ಪ್ರಯತ್ನಿಸಿದರು. ಈ ಸಲ ಕಿರುಚಾಟದ ತುದಿಯಲ್ಲಿ ಸಣ್ಣದೊಂದು ಗಮಕ ಬಂತು. ನಿರ್ದೇಶಕರು ಒಳಗೇ ಬಂದರು. "ದನಿ ಒಡೀಬೇಕು ಮೇಡಂ. ಒಡೆದ್ರೇನೇ ಚೆನ್ನ."

ಅತ್ತೆ ಅವರನ್ನೇ ನೋಡಿದರು. "ಒಡೆದ್ರೆ ಪರವಾಗಿಲ್ವಾ?"

"ಅದೇ ಬೇಕಾಗಿರೋದು."

ಆಮೇಲೆ ಬಂದದ್ದನ್ನು ಹೇಗೆ ವಿವರಿಸಲಿ? ಸೋಮು ಕಿವಿಗೆ ಹಾಕಿಕೊಂಡಿದ್ದ ಯಂತ್ರ ಕಿತ್ತೆಸೆದ. ಕಿರುಚಿದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಕೆಂಪಗಾಗಿ, "ಇನ್ನೊಂದ್ಸಲ ಬೇಕಿದ್ರೆ ನನಗೇನೂ ತೊಂದರೆ ಇಲ್ಲ" ಎಂದರು.

ಸಿನಿಮಾ ಬಿಡುಗಡೆಯಾದಾಗ ಅತ್ತೆ, ಮಾವ, ನಾನು ಮ್ಯಾಟಿನಿಗೆ ಹೋದೆವು. ಹೆಂಡತಿ ಒಂದು ದೆವ್ವದ ಸಿನಿಮಾಕ್ಕೆ ಬಂದಳೆಂದು ಮಾವನಿಗೆ ಹಬ್ಬ. ಆದರೆ ಸಿನಿಮಾ ನಮ್ಮ ಅಳತೆಗೂ ಸ್ವಲ್ಪ ಹೆಚ್ಚೇ ಹದಗೆಟ್ಟಿತ್ತು. ನಾಯಕನ ಮೀಸೆ ಕೋಣೆಯಿಂದ ಕೋಣೆಗೆ ದಪ್ಪವಾಗುತ್ತಿತ್ತು. ದೆವ್ವದ ಬಿಳಿ ಸೀರೆಯ ಅಂಚಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿಯ ಚೀಟಿ ನೇತಾಡುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಪಕ್ಕಕ್ಕೆ ತಿರುಗಿದರೆ ಅತ್ತೆ ನಗುತ್ತಿರಲಿಲ್ಲ. ಕೈಚೀಲ ಎದೆಗವುಚಿಕೊಂಡು ಕುರ್ಚಿಯ ತುದಿಗೆ ಬಂದಿದ್ದರು.

"ಮನೆಗೆ ಹೋಗೋಣ ರೀ. ಇಷ್ಟು ಜನ ನಗ್ತಿದಾರೆ. ನನ್ನ ದನಿ ಬಂದಾಗ್ಲೂ ನಗ್ತಾರೆ."

ಮಾವ ಅವರ ಕೈ ಹಿಡಿದುಕೊಂಡರು. "ಕೂತ್ಕೋ. ನಕ್ರೆ ಇಬ್ರೂ ಒಟ್ಟಿಗೆ ಎದ್ದು ಹೋಗೋಣ."

ಮೆಟ್ಟಿಲ ಮೇಲೆ ನಾಯಕಿ ಹಿಂದಿರುಗಿ ನೋಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಆ ದನಿ ಬಂತು ನೋಡಿ, ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಬಾಯಿ ಮುಚ್ಚಿತು. ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಿತು. ಆಮೇಲೆ ಮುಂದಿನ ಬೆಂಚಿನಿಂದ ಯಾರೋ ಶಿಳ್ಳೆ ಹೊಡೆದು ಕೂಗಿದರು: "ಒನ್ಸ್ ಮೋರ್ ಗುರೂ!"

ಹಿಂದಿನ ಸಾಲಿನಲ್ಲಿ ಒಂದು ಮಗು ಅಳತೊಡಗಿತ್ತು. ಅತ್ತೆ ತಿರುಗಿ, "ಏನಿಲ್ಲ ಕಂದಾ, ನಾನೇ ಅದು" ಎಂದು ಪೆಪ್ಪರಮಿಂಟು ಕೊಟ್ಟರು. ಮಗು ಇನ್ನೂ ಜೋರಾಗಿ ಅತ್ತಿತು.

ನಿರ್ಮಾಪಕರು ಜಾಣರು, ಒಮ್ಮೆ ಸಿಕ್ಕಿದ್ದನ್ನು ಬಿಡಲಿಲ್ಲ. ಅದೇ ಕಿರುಚಾಟ ಅವರ ಹಾವಿನ ಸಿನಿಮಾದಲ್ಲಿ ಬಂತು, ಕಳ್ಳರ ಸಿನಿಮಾದಲ್ಲಿ ಬಂತು. ಒಮ್ಮೆ ದಪ್ಪ ಮೀಸೆಯ ಗಂಡಸೊಬ್ಬ ಬಾವಿಗೆ ಬಿದ್ದಾಗಲೂ ನಮ್ಮತ್ತೆಯೇ ಕಿರುಚಿದರು. ಮುಂದಿನ ವರ್ಷದ ರಾಮನವಮಿಗೆ ಅತ್ತೆ ಪೆಂಡಾಲಿನಲ್ಲಿ ಹಾಡಿದರು. ಮೇಲೆ ಹೋದಾಗ ದನಿ ಸ್ವಲ್ಪ ಒಡೆಯಿತು. ಅತ್ತೆ ಕೆಮ್ಮಿ, ತಾವೇ ನಕ್ಕು, ಅದೇ ಸಾಲನ್ನು ಮತ್ತೆ ಎತ್ತಿಕೊಂಡರು.

ಲಕ್ಷ್ಮಮ್ಮನ ಹತ್ತಿರ ಕೊಂಡ ಹೂವು ಹಿಡಿದುಕೊಂಡು ಮೊನ್ನೆ ಶುಕ್ರವಾರ ಅತ್ತೆಯ ಮನೆಗೇ ಹೋದೆ. ಸುದ್ದಿ ಹೇಳುವ ಮೊದಲೇ ಅತ್ತೆ ನನ್ನ ಕೈ ಹಿಡಿದು ಕೂರಿಸಿದರು. "ಪಕ್ಕದ್ಮನೆ ಹುಡುಗಿ ಕಾಲೇಜಿಗೆ ಅಂತ ಮೊಬೈಲಲ್ಲೇ ಒಂದು ಸಿನಿಮಾ ತೆಗೀತಾಳಂತೆ ಕಣೇ. ಈ ಸಲ ಬರೀ ದನಿ ಅಲ್ಲ, ದೆವ್ವಾನೇ ನಾನು. ಮೇಕಪ್ಪೂ ಬೇಡ ಅಂದ್ಲು."

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ರಾತ್ರಿ ಮಾಡಿದರು. ಇಂಥ ಸಿನಿಮಾಗಳನ್ನು ಕುರ್ಚಿಯಲ್ಲಿ ಕೂತು ಮಾತ್ರ ನೋಡಿದ್ದ ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅತ್ತೆಯ ಮುಖಕ್ಕೆ ಟಾರ್ಚು ಹಿಡಿದೆ. ಮಂಡಿ ಹಿಡಿದುಕೊಂಡಿತು, ಏಳಲು ಮನಸ್ಸಾಗಲಿಲ್ಲ. ಹೆದರುವ ಪಾತ್ರ ಮಾವನದು. ಬಾಗಿಲು ತೆರೆಯಬೇಕು, ದೆವ್ವವನ್ನು ಕಂಡು ತತ್ತರಿಸಬೇಕು, ಅಷ್ಟೇ. ಮಾವ ಬಾಗಿಲು ತೆರೆದರು. ಬಿಳಿ ಸೀರೆಯುಟ್ಟು, ನೆರೆತ ಕೂದಲು ಕೆದರಿಕೊಂಡು ನಿಂತ ಅತ್ತೆಯನ್ನು ಕಂಡರು. ಮುಖ ಊರಗಲವಾಯಿತು.

"ತಾತಾ, ಹೆದರ್ಬೇಕು! ನಗ್ಬಾರ್ದು!" ಎಂದು ಹುಡುಗಿ ಮೊಬೈಲಿನ ಹಿಂದಿನಿಂದ ಕೂಗಿದಳು.

ಮತ್ತೆ ಬಾಗಿಲು ಹಾಕಿದರು, ಮತ್ತೆ ತೆರೆದರು. ಮತ್ತೆ ಅದೇ ನಗು.

"ಹೆಂಗಮ್ಮಾ ಹೆದರ್ಲಿ?" ಎಂದರು ಮಾವ. "ಎಷ್ಟು ಚೆನ್ನಾಗಿ ಕಾಣ್ತಿದಾಳೆ!"