ದಯವಿಟ್ಟು ಗಮನಿಸಿ

ರೈಲು ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ವರ್ಷಗಟ್ಟಲೆ "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಊರಿಗೆಲ್ಲ ಸಾರುತ್ತಿದ್ದವಳಿಗೆ ಸ್ವಂತ ಗಮನವೇ ಇಲ್ಲ ಎಂದು ಅವಳ ಅಕ್ಕ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಮನೆಯಲ್ಲಿ ತಂಗಿಯ ಹೆಸರು ಪಾದರಸ. ಹೆಸರಿಟ್ಟವಳೂ ಅಕ್ಕನೇ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಅಕ್ಕ ಶಾಲೆಯನ್ನು ಬಿಟ್ಟಿದ್ದಳು, ಶಾಲೆ ಅವಳನ್ನು ಬಿಟ್ಟಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿದವಳೂ ಅವಳೇ, ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದವಳೂ ಅವಳೇ.

ಪಾದರಸಳಿಗೆ ನಲವತ್ತು ದಾಟಿದ ಮೇಲೆ ಗಾಜಿನ ಗೂಡಿಗೆ ಸಂಚಕಾರ ಬಂತು. ಧ್ವನಿ ತುಂಬಿಟ್ಟ ಯಂತ್ರ ಬರುತ್ತದೆ, ಅದಕ್ಕೆ ನೆಗಡಿಯಾಗುವುದಿಲ್ಲ, ಅದು ರಜೆ ಕೇಳುವುದಿಲ್ಲ ಎಂದು ಸ್ಟೇಷನ್ ಮಾಸ್ತರರು ಬಹಳ ಸಂತೋಷದಿಂದ ತಿಳಿಸಿದರು. ಎರಡು ಅವಕಾಶದೊಳಗೆ ಇಲಾಖೆಯ ಪರೀಕ್ಷೆ ಪಾಸಾದರೆ ವಿಚಾರಣೆ ಕೌಂಟರು, ಇಲ್ಲದಿದ್ದರೆ ಪಾರ್ಸೆಲ್ ಶೆಡ್ಡಿನಲ್ಲಿ ಮೂಟೆ ಎಣಿಸುವ ಕೆಲಸ. ವಿಚಾರಣೆ ಕೌಂಟರಿನಲ್ಲಿ ಹತ್ತು ಜನ ಒಟ್ಟಿಗೆ ಬಾಯಿ ಹಾಕುತ್ತಾರೆ. ಅಂಥ ಗದ್ದಲ ಅವಳಿಗೆ ಮೀನಿಗೆ ನೀರಿದ್ದ ಹಾಗೆ. ಆದರೆ ಆ ಗದ್ದಲಕ್ಕೆ ತಕ್ಕವರನ್ನು ಆರಿಸಲು ಇಲಾಖೆಯ ಬೃಹಸ್ಪತಿಗಳು ಕಂಡುಕೊಂಡ ದಾರಿ ಯಾವುದೆಂದರೆ, ಮೂರು ಗಂಟೆ ಪಿಟ್ಟೆನ್ನದೆ ಕೂತು ಉತ್ತರದ ಹಾಳೆಯ ಸೊನ್ನೆಗಳ ಹೊಟ್ಟೆಗೆ ಮಸಿ ತುಂಬಿಸುವುದು.

ಮೊದಲ ಸಲ ಅವಳು ಒಂದು ಪ್ರಶ್ನೆಯನ್ನು ಆಮೇಲೆ ನೋಡೋಣವೆಂದು ಬಿಟ್ಟಳು. ಉತ್ತರದ ಹಾಳೆಯಲ್ಲಿ ಆ ಸಾಲನ್ನೂ ಖಾಲಿ ಬಿಡಬೇಕಿತ್ತು, ಮರೆತಳು. ಅಲ್ಲಿಂದ ಮುಂದೆ ಒಬ್ಬರ ಟೋಪಿ ಇನ್ನೊಬ್ಬರ ತಲೆಗೆ. ಗೊತ್ತಿದ್ದ ಉತ್ತರಗಳೆಲ್ಲ ಒಂದೊಂದು ಮನೆ ಮೇಲೆ ಹತ್ತಿ ಕೂತಿದ್ದವು. ಫಲಿತಾಂಶ ನೋಡಿ ಅಕ್ಕ, "ಕಣ್ಣು ಮುಚ್ಚಿ ಗುರುತು ಹಾಕಿದ್ರೂ ಇದಕ್ಕಿಂತ ಜಾಸ್ತಿ ಬರ್ತಿತ್ತು" ಎಂದಳು. ಲೆಕ್ಕ ಹಾಕಿದರೆ ಅದು ನಿಜವೇ ಆಗಿತ್ತು.

ಅಕ್ಕ ಸುಮ್ಮನೆ ಕೂರುವವಳಲ್ಲ. ತಂಗಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಕೋಚಿಂಗ್ ಕ್ಲಾಸಿಗೆ ಸೇರಿಸಿದಳು. ಅಲ್ಲಿಯ ಮೇಷ್ಟ್ರಿಗೆ ಏಕಾಗ್ರತೆ ಎಂದರೆ ಪ್ರಾಣ. ಅದರ ಮೇಲೆ ಭಾಷಣ ಮಾಡುತ್ತಲೇ ಜೇಬಿನಿಂದ ಫೋನು ತೆಗೆದು ನೋಡುವರು, ನಗುವರು, ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಹುಡುಗರನ್ನೇ ಕೇಳುವರು. ಪಾದರಸಳಿಗೆ ಅವರು ಕೊಟ್ಟ ಔಷಧ, ಗೋಡೆಯ ಮೇಲೊಂದು ಕಪ್ಪು ಚುಕ್ಕೆ ಇಟ್ಟು ರೆಪ್ಪೆ ಬಡಿಯದೆ ನೋಡುವುದು.

ಅವಳು ಮನೆಯಲ್ಲಿ ಹಾಲನ್ನು ಒಲೆಯ ಮೇಲಿಟ್ಟು ಚುಕ್ಕೆಯ ಮುಂದೆ ಕೂತಳು. ಚುಕ್ಕೆಯ ಪಕ್ಕದಲ್ಲಿ ಸುಣ್ಣ ಹಪ್ಪಳೆ ಎದ್ದಿತ್ತು. ಉಗುರಿನಿಂದ ಕೆರೆದಳು. ಕೆಳಗೆ ಹಳೆಯ ಹಸಿರು ಬಣ್ಣ ಕಂಡಿತು. ಅದರ ಕೆಳಗೇನಿದೆಯೋ ನೋಡೋಣವೆಂದು ಚಾಕು ತಂದಳು. ಅರ್ಧ ಗೋಡೆ ಬೋಳಾಗುವ ಹೊತ್ತಿಗೆ ಅಡಿಗೆಮನೆಯಿಂದ ಹೊಗೆ ಬಂತು. ಪಾತ್ರೆ ಕರಕಲಾಗಿ, ಹತ್ತಿರ ನೇತುಹಾಕಿದ್ದ ಒರೆಸುವ ಬಟ್ಟೆಗೂ ಬೆಂಕಿ ತಗುಲಿತ್ತು. ನೀರು ಸುರಿದು ಆರಿಸಿ ನೆಲದ ಮೇಲೆ ಕೂತವಳಿಗೆ ಅಂದು ನಗು ಬರಲಿಲ್ಲ, ಭಯವಾಯಿತು. ಅಕ್ಕನಿಗೆ ಹೇಳದೆ ಮನೋವೈದ್ಯೆಯೊಬ್ಬರ ಬಳಿ ಹೋದಳು.

ವೈದ್ಯೆ ಅವಸರ ಮಾಡಲಿಲ್ಲ. ನಾಲ್ಕಾರು ಸಲ ಕರೆಸಿಕೊಂಡರು, ಶಾಲೆಯ ದಿನಗಳಿಂದ ಹಿಡಿದು ಎಲ್ಲ ಕೇಳಿದರು. ಕೊನೆಗೆ, "ಇದಕ್ಕೆ ಗಮನದ ಕೊರತೆ ಅಂತ ಹೆಸರಿದೆ. ಚಿಕ್ಕಂದಿನಿಂದ ಇದೆ, ಯಾರೂ ನೋಡಿಲ್ಲ ಅಷ್ಟೆ. ಮಾತ್ರೆ ಸ್ವಲ್ಪ ಕೈ ಹಿಡಿಯುತ್ತೆ. ಕೂತು ಓದೋಕೆ ಆಗದಿದ್ರೆ ಓಡಾಡ್ಕೊಂಡು ಓದಿ, ಗಟ್ಟಿಯಾಗಿ ಓದಿ" ಎಂದರು. ಪರೀಕ್ಷೆಯಲ್ಲಿ ಹೆಚ್ಚು ಸಮಯಕ್ಕಾಗಿ ಪತ್ರವನ್ನೂ ಕೊಟ್ಟರು.

ವಿಷಯ ಅಕ್ಕನ ಕಿವಿಗೆ ಬಿತ್ತು.

"ಅದು ಮಕ್ಕಳಿಗೆ ಬರೋ ಕಾಯಿಲೆ ಅಲ್ವೇನೇ? ಈ ವಯಸ್ಸಲ್ಲಿ ನಿಂಗೆಲ್ಲಿಂದ ಬಂತು?"

"ಮಗು ಆಗಿದ್ದಾಗ್ಲೇ ಬಂದಿತ್ತಕ್ಕ. ನೀನು ಅದಕ್ಕೆ ಸ್ಕೇಲಲ್ಲಿ ಹೊಡೀತಿದ್ದೆ."

"ನಮ್ಮ ಕಾಲದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ರು."

"ನಿಮ್ಮ ಕಾಲದಲ್ಲಿ ಎಲ್ಲದಕ್ಕೂ ಅದೇ ಅಂತಿದ್ರು, ಬೇರೆ ಹೆಸರು ಹುಡುಕೋಕೆ ಸೋಮಾರಿತನ."

ಅಕ್ಕ ಒಂದು ವಾರ ಮಾತು ಬಿಟ್ಟಳು. ತಂಗಿಗೆ ಓದಲು ಅಷ್ಟು ಅನುಕೂಲವಾದ ವಾರ ಮತ್ತೆ ಸಿಗಲಿಲ್ಲ.

ಒಂದು ರೈಲು ಹೋಗಿ ಇನ್ನೊಂದು ಬರುವವರೆಗೆ ಗೂಡಿನಲ್ಲೇ ಶತಪಥ ಹಾಕುತ್ತ, ಇಲಾಖೆಯ ನಿಯಮಗಳನ್ನು ಅದೇ ಪ್ರಕಟಣೆಯ ರಾಗದಲ್ಲಿ ಓದಿಕೊಳ್ಳತೊಡಗಿದಳು. ಆ ರಾಗದಲ್ಲಿ ಓದಿದ್ದು ಮಾತ್ರ ತಲೆಯಲ್ಲಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಮೈಕು ಆರಿಸುವುದು ಮರೆತುಹೋಯಿತು. "ಪ್ರಯಾಣಿಕರು ದಯವಿಟ್ಟು ಗಮನಿಸಿ, ಕಾರಣವಿಲ್ಲದೆ ಗೈರುಹಾಜರಾದ ನೌಕರನಿಗೆ ಮೊದಲು ಎಚ್ಚರಿಕೆ, ನಂತರ ವೇತನ ಕಡಿತ" ಎಂದು ಪ್ಲಾಟ್‌ಫಾರಂ ತುಂಬ ಮೊಳಗಿತು. ಬೆಂಚಿನ ಮೇಲೆ ಮಲಗಿದ್ದ ಪೋರ್ಟರ್ ಎದ್ದು ಟೋಪಿ ಹುಡುಕಿದ. ಮಾಸ್ತರರು ಕೆಂಡವಾಗಿ ಬಂದರು.

"ಏನಮ್ಮ ಇದು? ಮನಸ್ಸಲ್ಲಿ ಓದ್ಕೊಳ್ಳೋಕೆ ಆಗಲ್ವಾ?"

"ಅಲ್ಲಿ ಜಾಗ ಇಲ್ಲ ಸಾರ್."

ಅವರು ಲಿಖಿತ ವಿವರಣೆ ಕೇಳಿದರು. ಅವಳು ಬರೆದುಕೊಟ್ಟಳು, ಸಂಬಂಧಪಟ್ಟ ನಿಯಮದ ಸಂಖ್ಯೆಯ ಸಮೇತ.

ಎರಡನೆಯ ಪರೀಕ್ಷೆಗೆ ಹೆಚ್ಚಿನ ಸಮಯವೂ ಬೇರೆ ಕೋಣೆಯೂ ಮಂಜೂರಾದವು. ಗಮನ ಚದುರುವವಳಿಗೆಂದು ಅಧಿಕಾರಿಗಳು ಹುಡುಕಿಕೊಟ್ಟ ಕೋಣೆ, ಪರೀಕ್ಷೆ ನಡೆದ ಶಾಲೆಯ ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡ ಉಗ್ರಾಣ. ಮುರಿದ ಬೆಂಚು, ತುಕ್ಕು ಹಿಡಿದ ಗಂಟೆ, ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು. ಒಂದೊಂದೂ "ಬಾ, ನನ್ನ ಕಥೆ ಕೇಳು" ಎನ್ನುತ್ತಿತ್ತು. ಮೇಲ್ವಿಚಾರಕನಿಗೆ ತಾನು ಒಂದು ಗಂಟೆ ಹೆಚ್ಚು ಕೂರಬೇಕಾದ ಸಂಕಟ. ಬೀಗದ ಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, "ನೋಡೋಕೆ ಚೆನ್ನಾಗೇ ಇದ್ದೀರಲ್ಲ, ನಿಮಗೇನಾಗಿದೆ?" ಎಂದ.

"ನೀವು ಅದನ್ನ ಜೇಬಿಗೆ ಹಾಕ್ಕೊಂಡ್ರೆ ನಂಗೇನೂ ಆಗಲ್ಲ."

ಗೊಂಚಲು ಜೇಬಿಗೆ ಹೋಯಿತು. ಅವಳು ಉತ್ತರದ ಹಾಳೆಯ ಮೇಲೆ ಒಂದು ರಟ್ಟಿನ ತುಂಡು ಇಟ್ಟು ಸಾಲು ಸಾಲಾಗಿ ಕೆಳಗೆ ಸರಿಸುತ್ತ ಬಂದಳು. ನಡುವೆ ಒಂದು ಲೆಕ್ಕ ಕೈಕೊಟ್ಟಿತು: ಎರಡು ರೈಲು ಎದುರುಬದುರು ಹೊರಡುತ್ತವೆ, ಎಲ್ಲಿ ಸಂಧಿಸುತ್ತವೆ? ಎಲ್ಲೂ ನಿಲ್ಲದ, ಎಂದೂ ತಡವಾಗದ, ಸಿಗ್ನಲ್ಲಿಗೆ ಹೆದರದ ರೈಲನ್ನು ಅವಳು ಇಷ್ಟು ವರ್ಷದಲ್ಲಿ ಒಂದನ್ನೂ ಕಂಡಿರಲಿಲ್ಲ. ಪ್ರಶ್ನೆ ಬರೆದವನು ರೈಲು ಹತ್ತಿಲ್ಲವೆಂಬುದು ಖಚಿತವಾದ ಮೇಲೆ, ಎದ್ದು ಎರಡು ಸಲ ಕೋಣೆ ಸುತ್ತಿ ಬಂದು ಉತ್ತರ ತುಂಬಿಸಿದಳು.

ಪಾಸಾದಳು. ಮೊದಲಿಗಳಾಗಿ ಅಲ್ಲ, ಪಟ್ಟಿಯ ಬಾಲದಲ್ಲಿ. ಬಾಲವಾದರೂ ಕೌಂಟರು ಸಿಕ್ಕಿತು. ಈಗಲೂ ಕೊಡೆ ಕಳೆಯುತ್ತಾಳೆ, ಮಾತ್ರೆ ಮರೆತ ದಿನ ಚಪ್ಪಲಿ ಅದಲು ಬದಲಾಗುತ್ತದೆ. ಕೋಚಿಂಗ್ ಮೇಷ್ಟ್ರು ಮಾತ್ರ ಅವಳ ಫೋಟೋವನ್ನು ಬಾಗಿಲಿನ ಬೋರ್ಡಿಗೆ ಏರಿಸಿ, "ಏಕಾಗ್ರತೆಯ ಫಲ" ಎಂದು ಬರೆಸಿದರು.

ಅಕ್ಕ ನೆಂಟರನ್ನು ಊಟಕ್ಕೆ ಕರೆದಳು. ಬಡಿಸುತ್ತ, "ನಾನು ಬೆನ್ನು ಹತ್ತಿದ್ದಕ್ಕೆ ಆಯ್ತು. ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಅವತ್ತೇ ಹೇಳಿರ್ಲಿಲ್ವಾ? ಕಾಯಿಲೆಯಂತೆ ಕಾಯಿಲೆ" ಎಂದಳು. ಪಾದರಸ ತಟ್ಟೆ ಪಕ್ಕಕ್ಕೆ ಸರಿಸಿ, ಕೈ ತೊಳೆದು, ಚಪ್ಪಲಿಯನ್ನು ಎರಡು ಸಲ ನೋಡಿ ಮೆಟ್ಟಿಕೊಂಡು ಹೊರಬಿದ್ದಳು.

"ನೋಡಿದ್ರಾ, ಅರ್ಧ ಊಟದಲ್ಲಿ ಎದ್ದು ಹೋದ್ಲು. ಏನು ನೆನಪಾಯ್ತೋ ಏನೋ," ಎಂದು ಅಕ್ಕ ಹಿಂದಿನಿಂದ ನೆಂಟರಿಗೆ ಹೇಳುತ್ತಿದ್ದದ್ದು ಬೀದಿಗೂ ಕೇಳಿಸಿತು. ಅವಳಿಗೆ ಏನೂ ನೆನಪಾಗಿರಲಿಲ್ಲ. ಅಕ್ಕ ಆಡಿದ ಪ್ರತಿಯೊಂದು ಮಾತನ್ನೂ ಅವಳು ಗಮನವಿಟ್ಟು ಕೇಳಿದ್ದಳು.